ಅಜ್ಜಿ ಬದುಕಿಸಿದವರು

ಮಾನ್ಯ ಮೇಡಂ,

ಇದನ್ನು ಹೇಳದೆ ಬಿಡೋಣವೆಂದೇ ಇದ್ದೆ. ಕಣ್ಣು ಕಾಣದವರಿಗಾಗಿ ನಿಮ್ಮ ಗ್ರಂಥಾಲಯಕ್ಕೆ ನನ್ನಜ್ಜಿ ಓದಿ ರೆಕಾರ್ಡ್ ಮಾಡಿದ ಕಥೆಗಳಲ್ಲಿ ಯಾರೂ ಸಾಯುವುದಿಲ್ಲ. ಪುಸ್ತಕದಲ್ಲಿ ಸಾಯುತ್ತಾರೆ. ಓದುತ್ತ ಓದುತ್ತಲೇ ಅಜ್ಜಿ ಬದಲಿಸಿಬಿಡುತ್ತಿದ್ದಳು.

ಒಮ್ಮೆ, ಕಥೆಯಲ್ಲಿ ಸಾಯಬೇಕಿದ್ದ ನಾಯಿಯೊಂದನ್ನು ಬದುಕಿಸುವಾಗ, ಪಕ್ಕದಲ್ಲಿ ಕೂತು ತಡೆಯಲು ಹೋದೆ. "ಆ ನಾಯಿ ಬದುಕ್ಕೊಂಡ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ? ಸುಮ್ನೆ ಕೂತ್ಕೊಳ್ಳೇ, ಮೇಷ್ಟ್ರಮ್ಮ," ಎಂದು ಗೊಳ್ಳನೆ ನಕ್ಕಳು. ಕಥೆಗಳನ್ನು ತಿದ್ದಿಸುವುದು ನಿಮಗೆ ಬಿಟ್ಟದ್ದು. ಆ ನಗುವನ್ನು ಮಾತ್ರ ದಯವಿಟ್ಟು ಅಳಿಸಬೇಡಿ.

ಅಜ್ಜಿ ತೀರಿಕೊಂಡ ಮೇಲೆ, ಅವಳು ಅರ್ಧಕ್ಕೆ ಬಿಟ್ಟ ಕಾದಂಬರಿಯನ್ನು ನನಗೆ ಓದಿ ಮುಗಿಸಲು ಹೇಳಿದಿರಿ. ಅದರ ಕೊನೆಯಲ್ಲಿ ಮುದುಕಿಯೊಬ್ಬಳು ಸಾಯುತ್ತಾಳೆ. ಅಚ್ಚಾದದ್ದನ್ನು ಅಚ್ಚಾದ ಹಾಗೆ ಓದುವವಳು ನಾನು, ಆದರೂ ಅಲ್ಲಿಗೆ ಬಂದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತೇನೆ. ಬದುಕಿಸಿ ನೋಡಿದೆ. ಅಜ್ಜಿ ಹೇಳಿದರೆ ನಂಬುವಂತಿರುತ್ತಿತ್ತು. ನನ್ನ ದನಿಯಲ್ಲಿ ಅದು ಬರೀ ಸುಳ್ಳಾಗಿ ಕೇಳಿಸಿತು.

ಉಳಿದದ್ದನ್ನೆಲ್ಲ ಓದಿದ್ದೇನೆ. ಆ ಎರಡು ಪುಟಗಳನ್ನು ಬೇರೆ ಯಾರಿಂದಲಾದರೂ ಓದಿಸುತ್ತೀರಾ? ಅಜ್ಜಿಯನ್ನು ಕಂಡಿರದವರಾದರೆ ಒಳ್ಳೆಯದು.

ಇತಿ,
ನಿಮ್ಮ ಕೇಳುಗರ 'ನಗೋ ಅಜ್ಜಿ'ಯ ಮೊಮ್ಮಗಳು

ಪುಸ್ತಕ, ರೆಕಾರ್ಡಿಂಗ್ ಜೊತೆಗೆ ಇದನ್ನು ಅಂಚೆಗೆ ಹಾಕುವುದು: ಸೋಮವಾರ, ಜೂನ್ ಹದಿನಾಲ್ಕು.