ರೀ ಅಂದರೆ ಮತ್ತೆ

ಬಂಗಾರಪೇಟೆ
ಶ್ರಾವಣ ಶನಿವಾರ, ೧೯೬೬

ರೀ,

ನೋಡಿ, ಕೈ ತಾನಾಗಿ ಹಾಗೇ ಬರೆದುಬಿಟ್ಟಿತು. ಈ ಹಾಳು ಅಭ್ಯಾಸ ಇನ್ನೂ ಹೋಗಿಲ್ಲ. ನಿಮ್ಮ ಕಾಗದ ಮೊನ್ನೆ ತಲುಪಿತು. "ರಿಟರ್ನ್ ಬಂದುಬಿಡುತ್ತೇನೆ ಕಣೇ, ನೀನು ಹೂಂ ಅಂದರೆ ಸಾಕು" ಎಂದು ಬರೆದಿದ್ದೀರಿ. ಹೂಂ ಅನ್ನಲೋ ಬೇಡವೋ ಎಂದು ಅವತ್ತಿನಿಂದ ಅನ್ನ ಸೇರುತ್ತಿಲ್ಲ.

ಕಾಮಸಮುದ್ರದ ಹೊಲದಿಂದ ನೇರ ಉರಿಗಾಂ ಚಿನ್ನದ ಗಣಿಯ ಲೈನ್ ಮನೆಗೆ ಬಂದವಳು ನಾನು. ನಮ್ಮೂರಿನಲ್ಲಿ ಗಂಡನನ್ನು ಕರೆಯಲು ಒಮ್ಮೆ ಕೆಮ್ಮಿದರೆ ಸಾಕಿತ್ತು. ನೀವೋ ಮೈಸೂರು ಮೈನ್ಸ್ ಟೈಮ್ ಆಫೀಸಿನ ಗುಮಾಸ್ತರು. "ಕೆಮ್ಮಬೇಡ ಕಣೇ, ಕ್ಷಯ ಬಂದೈತೆ ಅಂದ್ಕೊಂತಾರೆ. ರೀ ಅನ್ನು" ಎಂದಿರಿ. ನಾಚಿಕೆಯಿಂದ ಸತ್ತೇ ಹೋದೆ. ಆಮೇಲೆ ಆ ರೀಯಿಂದಲೇ ಇಂಗ್ಲಿಷ್ ಪಾಠ ಶುರುಮಾಡಿದಿರಿ. "ಇಂಗ್ಲಿಷ್‌ನಾಗೂ ರೀ ಐತೆ. ರೀ ಅಂದ್ರೆ ಮತ್ತೆ. ರಿಟರ್ನ್ ಅಂದ್ರೆ ಮತ್ತೆ ಬರೋದು, ರಿಪೀಟ್ ಅಂದ್ರೆ ಮತ್ತೆ ಹೇಳೋದು, ರಿಪೇರಿ ಅಂದ್ರೆ ಮತ್ತೆ ಸರಿ ಮಾಡೋದು. ಮುಂದ್ಲ ಎರಡಕ್ಷರ ಗೊತ್ತಾದ್ರೆ ಅರ್ಧ ಇಂಗ್ಲಿಷ್ ಬಂದಂಗೆ!" ನಾನು ಮುದ್ದೆ ತಿರುವುತ್ತಾ ರಿಟರ್ನ್, ರಿಪೀಟ್ ಅನ್ನುತ್ತಿದ್ದೆ, ನೀವು ನಗುತ್ತಿದ್ದಿರಿ.

ಧನಬಾದಿನ ಕಲ್ಲಿದ್ದಲು ಗಣಿಯಲ್ಲಿ ಸಂಬಳ ಜಾಸ್ತಿಯೆಂದು ನಮ್ಮ ಲೈನಿನ ಕುಪ್ಪುಸ್ವಾಮಿಯ ಜೊತೆ ಹೊರಟಿರಿ. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಿರಿ. ಒಂದು ದೀಪಾವಳಿ ಹೋಯಿತು, ಇನ್ನೊಂದೂ ಹೋಯಿತು. ತಡೆಯಲಾರದೆ, ನಾನೇ ಹೊರಟು ಬರಲೇ ಎಂದು ಬರೆದೆ. ಉತ್ತರಕ್ಕೆ ತಂತಿ ಬಂತು.

ತಂತಿ ಬಂದರೆ ಸಾವೇ ಎಂದುಕೊಂಡ ಪಕ್ಕದ ಮನೆ ಮಂಗಮ್ಮ "ಅಯ್ಯೋ ದೇವುಡಾ, ನಿನ್ ಕುಂಕುಮ ಓಯ್ತಲ್ಲೇ!" ಎಂದು ಎದೆ ಬಡಿದುಕೊಂಡಳು. "ಸುಮ್ಕಿರಕ್ಕಾ, ನಂಗೆ ಓದಕ್ಕೆ ಬತ್ತದೆ" ಎಂದು ನಾನೇ ಅಕ್ಷರ ಕೂಡಿಸಿದೆ. ಎರಡೇ ಮಾತು. ಎರಡನೆಯದು ದೇರ್, ಅಲ್ಲಿ. ಮೊದಲನೆಯದರ ಮುಂದೆ ಆರ್, ಇ. ನಮ್ಮ ರೀ! ಮಿಕ್ಕಿದ್ದು ಎಂ, ಎ, ಐ, ಎನ್. ಅದನ್ನು ಮೈನ್ ಎಂದು ಓದಿಕೊಂಡೆ. ಮತ್ತೆ ಮೈನ್ಸ್, ಅಲ್ಲಿ. ಧನಬಾದಿನಿಂದ ನೋಡಿದರೆ ಅಲ್ಲಿ ಅಂದರೆ ಉರಿಗಾಂ ತಾನೇ? ನಮ್ಮ ಮೈನ್ಸಿಗೇ ಮತ್ತೆ ಬರುತ್ತಿದ್ದೀರಿ ಎಂದು ಲೈನಿಗೆಲ್ಲ ಬೆಲ್ಲ ಹಂಚಿದೆ, ಗೋಡೆಗೆ ಸುಣ್ಣ ಬಳಿದೆ.

ಬಂಗಾರಪೇಟೆ ಸ್ಟೇಷನ್ನಿಗೆ ಬಂದು ಮದ್ರಾಸ್ ಕಡೆಯಿಂದ ಬರುವ ರೈಲುಗಳನ್ನು ಕಾದೆ. ದಿನಾ ಬರುವವಳನ್ನು ಕಂಡು ಟಿಕೆಟ್ ಕೊಡುವ ಶ್ರೀನಿವಾಸಪ್ಪನವರು ತಂತಿ ಈಸಿಕೊಂಡು ಓದಿದರು. "ಅಮ್ಮಯ್ಯಾ, ಇದು ಮೈನ್ ಅಲ್ಲ, ರಿಮೇನ್. ಅಲ್ಲೇ ಇರು ಅಂತ ಬರ್ದವ್ರೆ. ಮನೆಗೆ ಓಗು ತಾಯಿ" ಎಂದರು. ಮೊದಲು ನಗು ಬಂತು ನೋಡಿ. ಆಮೇಲೆ ಪ್ಲಾಟ್‌ಫಾರಂ ನೀರಿನ ನಲ್ಲಿಯ ಹತ್ತಿರ ನಿಂತು ಅತ್ತೆ. ರೀ ಅಂತ ಶುರುವಾಗುವುದೆಲ್ಲ ಮತ್ತೆ ಬರುವುದಿಲ್ಲ ಎಂದು ನೀವು ಹೇಳಿಕೊಡಲೇ ಇಲ್ಲ.

ಅದಾಗಿ ಎಷ್ಟೋ ವರ್ಷವಾಯಿತು. ಲೈನ್ ಮನೆ ಬಿಟ್ಟು ಬಂದು ಈಗ ಇಲ್ಲಿನ ಒಂದು ಶಾಲೆಯಲ್ಲಿ ಆಯಾ ಆಗಿದ್ದೇನೆ. ಮಕ್ಕಳು ಮನೆಗೆ ಹೋದ ಮೇಲೆ ಸಂಜೆ ಮುಗಿಯುವುದೇ ಇಲ್ಲ. ಒಬ್ಬಳಿಗಾಗಿ ಮುದ್ದೆ ತಿರುವಲು ಬೇಸರ, ಕಾಫಿ ಕುಡಿದು ಮಲಗುತ್ತೇನೆ. ಒಮ್ಮೊಮ್ಮೆ ಖಾಲಿ ಮನೆಯಲ್ಲಿ "ರೀ" ಅಂದುಬಿಡುತ್ತೇನೆ, ನನ್ನ ದನಿ ನಾನೇ ಕೇಳಲಿ ಎಂದು. ಸುಳ್ಳೇಕೆ ಹೇಳಲಿ, ನಿಮ್ಮ ಕಾಗದದ ರಿಟರ್ನ್ ನೋಡಿ ಎದೆ ಕುಣಿಯಿತು. ಇನ್ನೊಂದು ತಟ್ಟೆ ತೊಳೆದಿಟ್ಟೆ.

ಆದರೆ ಊರಿಗೆ ಬಂದಿರುವ ಕುಪ್ಪುಸ್ವಾಮಿ ನಿನ್ನೆ ಎಲ್ಲ ಹೇಳಿದ. ಅಲ್ಲಿ ನಿಮಗೊಬ್ಬಳು ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ನೀವು ಅದನ್ನು ಬರೆಯಲಿಲ್ಲ. ಬಾಯಿಗೆ ಬಂದಂತೆ ಬೈದೆ ನಿಮ್ಮನ್ನು. ಬೈದು ಸುಸ್ತಾದ ಮೇಲೆ ಅಲ್ಲಿರುವ ಅವಳ ಯೋಚನೆ ಬಂತು. ಅವಳಿಗೂ ನಿಮ್ಮನ್ನು ಕರೆಯಲು ಯಾವುದೋ ಒಂದು ಮಾತು ಕಲಿಸಿರುತ್ತೀರಿ. ನೀವು ಇಲ್ಲಿಗೆ ಬಂದುಬಿಟ್ಟರೆ ಆಕೆ ಯಾವ ಸ್ಟೇಷನ್ನಿನಲ್ಲಿ ಹೋಗಿ ಕಾಯಬೇಕು?

ಅದಕ್ಕೇ ನಿಮ್ಮ ಮಾತನ್ನೇ ನಿಮಗೆ ಕಳಿಸುತ್ತಿದ್ದೇನೆ, ಈ ಸಲ ಅರ್ಥ ತಿಳಿದು. ರಿಮೇನ್ ದೇರ್. ಅಲ್ಲೇ ಇರಿ.

ರೀ ಅನ್ನುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಎಂದೂ ಬಾಯಲ್ಲಿ ಹೇಳದ ನಿಮ್ಮ ಹೆಸರು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಜಯರಾಮಪ್ಪನವರೇ, ಹೆಂಡತಿ ಮಕ್ಕಳ ಜೊತೆ ಸುಖವಾಗಿರಿ. ಈ ಮಾತಿನ ಕೊನೆಯ ರಿ ಕನ್ನಡದ್ದು, ಅದಕ್ಕೆ ಮತ್ತೆ ಎಂಬ ಅರ್ಥವಿಲ್ಲ.

ಇಲ್ಲೇ ಇರುವ,
ಕದಿರಮ್ಮ