ಉಳಿದ ಒಂದು ಮುಖಪುಟ

ಡೇಟನ್, ಒಹಾಯೊ
೧೯ ಜೂನ್ ೧೯೭೪

ಪ್ರೀತಿಯ ವರ್ಡಾ ಅಕ್ಕನಿಗೆ,

ನಿನ್ನ ಈಸ್ಟರ್ ಕಾಗದಕ್ಕೆ ಜೂನಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಟೈರ್ ಅಂಗಡಿಯ ಸುದ್ದಿ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಟೈರಿನ ಬಗ್ಗೆ ಎಷ್ಟು ಅಂತ ಬರೆಯುವುದು? ಅದು ಗುಂಡಗಿರುತ್ತದೆ, ಅಷ್ಟೆ. ಕಾರಿನ ಸೀಟು ಹೊಲಿಯುವ ನಿನ್ನ ಬೆರಳುಗಳು ಹೇಗಿವೆ? ನಾನು ಚೆನ್ನಾಗಿದ್ದೇನೆ. ನೀನು ಕೇಳುವುದಿಲ್ಲ, ಆದರೂ ಪ್ರತಿ ಸಲದಂತೆ ಬರೆಯುತ್ತೇನೆ: ಅಮ್ಮನೂ ಚೆನ್ನಾಗಿದ್ದಾಳೆ. ಹಿತ್ತಲಿನ ಕೈಯಗಲ ಜಾಗದಲ್ಲಿ ಬೀನ್ಸ್ ಬಳ್ಳಿ ಹಬ್ಬಿಸಿದ್ದಾಳೆ. ಅವಳಿಗೆ ಓದು ಬಾರದಲ್ಲ, ನಿನ್ನ ಕಾಗದ ಓದಿ ಹೇಳುವಾಗ ಕೊನೆಗೆ "ಅಮ್ಮನನ್ನು ಕೇಳಿದೆನೆಂದು ಹೇಳು" ಎಂಬ ಒಂದು ಸಾಲನ್ನು ನಾನೇ ಸೇರಿಸುತ್ತೇನೆ. ಕ್ಷಮಿಸು.

ಈಗ ಸುದ್ದಿ. ಕಳೆದ ಶನಿವಾರ ಇಲ್ಲಿನ ಒಂದು ಹೋಟೆಲಿನಲ್ಲಿ ಹಳೆಯ ಸಾಹಸ ಪತ್ರಿಕೆಗಳ ಅಭಿಮಾನಿಗಳು ಸೇರಿದ್ದರು. ಹೌದು, ತಾತನ ಪೆಟ್ಟಿಗೆಯಲ್ಲಿದ್ದಂಥವೇ, ಒರಟು ಹಳದಿ ಕಾಗದದವು! ನಮ್ಮ ಕೆಂಟಕಿಯ ಹಳ್ಳದ ದಂಡೆ ಬಿಟ್ಟರೆ ಅವನ್ನು ಓದಿದವರು ಬೇರೆ ಯಾರೂ ಇರಲಾರರು ಎಂದು ನಾನು ಅಂದುಕೊಂಡಿದ್ದೆ.

ತಾತ ರೈಲು ನಿಲ್ದಾಣದಿಂದ ಅವನ್ನು ಮೂಟೆಗಟ್ಟಲೆ ತರುತ್ತಿದ್ದುದು ನಿನಗೆ ನೆನಪಿದೆಯಲ್ಲ. ಮಾರಾಟವಾಗದ ಪ್ರತಿಗಳ ಮುಖಪುಟವನ್ನಷ್ಟೇ ಅಂಗಡಿಯವರು ಹರಿದು ಕಂಪನಿಗೆ ವಾಪಸು ಕಳಿಸುತ್ತಿದ್ದರು, ಉಳಿದದ್ದು ಕಸ. ಆ ಕಸವನ್ನು ತಾತ ಚಳಿ ನುಗ್ಗದಂತೆ ಗೋಡೆಗೆಲ್ಲ ಹಿಟ್ಟಿನ ಗೋಂದಿನಲ್ಲಿ ಅಂಟಿಸಿದ್ದ. ನಾವು ಗೋಡೆ ಓದುತ್ತಾ ಬೆಳೆದವರು. ಒಂದು ಕಥೆಯ ಕೊನೆ ಕಪಾಟಿನ ಹಿಂದಿತ್ತು, ಅದನ್ನು ಸರಿಸಲು ಹೋಗಿ ಇಬ್ಬರೂ ಏಟು ತಿಂದೆವು. ಗೋಡೆ ಮುಗಿದ ಮೇಲೆ ಹತ್ತೊಂಬತ್ತು ಪತ್ರಿಕೆಗಳು ಪೆಟ್ಟಿಗೆಯಲ್ಲಿ ಉಳಿದವು. ಅವಕ್ಕೆ ಮುಖಪುಟ ಇಲ್ಲವೆಂದು ನಾನು ಅತ್ತಾಗ, ನೀನು ಕಿರಾಣಿ ಚೀಲದ ಕಂದು ಕಾಗದ ಕತ್ತರಿಸಿ, ಇದ್ದಿಲು ಮತ್ತು ಕಾಡುಹಣ್ಣಿನ ರಸದಲ್ಲಿ ಹತ್ತೊಂಬತ್ತಕ್ಕೂ ಚಿತ್ರ ಬಿಡಿಸಿಕೊಟ್ಟೆ. ಒಂದು ಇನ್ನೂ ನನ್ನ ಬಳಿ ಇದೆ. 'ಹಬೆದ್ವೀಪದ ಕೈದಿಗಳು'. ಅದನ್ನೇ ಬ್ರೆಡ್ ಸುತ್ತಿ ಬಂದ ಹಾಳೆಯಲ್ಲಿ ಸುತ್ತಿಕೊಂಡು ಹೋದೆ. ನಿಜವಾದ ಮುಖಪುಟ ಹೇಗಿತ್ತೆಂದು ಒಮ್ಮೆ ನೋಡಿ ನಿನಗೆ ಬರೆಯಬೇಕು, ಅಷ್ಟೇ ಆಸೆ.

ನನ್ನ ಸ್ವಭಾವ ಗೊತ್ತಲ್ಲ. ಬಾಗಿಲವರೆಗೆ ಹೋದೆ, ಒಳಗೆ ಹೋಗಲಾಗಲಿಲ್ಲ. ಸೋಡಾ ಮೆಷೀನಿನ ಮುಂದೆ ಅದನ್ನೇ ಕೊಳ್ಳಲು ಬಂದವನಂತೆ ಒಂದು ಗಂಟೆ ನಿಂತಿದ್ದೆ. ಆಗ ಒಬ್ಬ ದಪ್ಪ ಮನುಷ್ಯ ಬಂದ. ಅವನ ಹೆಸರು ಗಸ್, ಅಂಚೆ ಹಂಚುವವನು.

"ಏನ್ ತಮ್ಮಾ, ಆ ಮೆಷೀನನ್ನ ಮದ್ವೆ ಆಗ್ತೀಯೋ ಹೆಂಗೆ? ಒಳಗ್ ಬಾ, ಇಲ್ಲಿ ಯಾರೂ ಕಚ್ಚಲ್ಲ," ಅಂದ.

ಅಕ್ಕಾ, ಒಳಗೆ ಸಾಲು ಸಾಲು ಮೇಜುಗಳು. ಹಲ್ಲಿನ ಡಾಕ್ಟರು, ಬಸ್ ಡ್ರೈವರು, ತಲೆ ನರೆತ ಹೆಂಗಸರು, ಎಲ್ಲರೂ ಪುಟ ತಿರುವಿ ಮೂಸಿ ನೋಡುತ್ತಿದ್ದರು. ನಮ್ಮ ಕಥಾನಾಯಕ ಕ್ಯಾಪ್ಟನ್ ರಾಲ್ಸ್ಟನ್ನಿನ ಗಾಯದ ಗುರುತು ಎಡಗೆನ್ನೆಯದೋ ಬಲಗೆನ್ನೆಯದೋ ಎಂದು ಇಬ್ಬರು ಮುದುಕರು ಜಗಳಕ್ಕೇ ನಿಂತಿದ್ದರು. ನನಗೆ ನಗು ಬಂತು, ಅಳುವೂ ಬಂತು. ಎಡಗೆನ್ನೆ ಎಂದು ನನಗೆ ಗೊತ್ತಿತ್ತು. ಹೇಳುವ ಧೈರ್ಯ ಬರಲಿಲ್ಲ.

ಗಸ್ ನನ್ನ ಕೈಯಲ್ಲಿದ್ದುದನ್ನು ನೋಡಿದ. "ಮುಖಪುಟ ಇಲ್ದಿರೋದಾ? ತಲೆ ಹಾರಿಸಿದ ಕೋಳಿ ಇದ್ದಂಗೆ ಕಣಪ್ಪಾ ಅದು, ಒಂಚೂರು ಓಡುತ್ತೆ ಅಷ್ಟೆ," ಎಂದು ಹೇಳುತ್ತಲೇ ಹಾಳೆ ಬಿಚ್ಚಿದ. ನಿನ್ನ ಚಿತ್ರ ಕಂಡವನೇ ಓಡಿಹೋಗಿ ಅದೇ ಸಂಚಿಕೆಯ ಪೂರ್ತಿ ಪ್ರತಿ ತಂದು ಪಕ್ಕಕ್ಕಿಟ್ಟ.

ಕೊನೆಗೂ ನೋಡಿದೆ. ನಿಜವಾದ ಮುಖಪುಟದಲ್ಲಿ ವಿಮಾನ ಹಾರಿಸುವ ನಮ್ಮ ಜೆಲ್ಲಾ ಕೆಂಪು ರೇಷ್ಮೆ ಗೌನು ತೊಟ್ಟಿದ್ದಾಳೆ! ಕಂಬಕ್ಕೆ ಕಟ್ಟಿಹಾಕಿದ್ದಾರೆ, ಕಿರುಚುತ್ತಿದ್ದಾಳೆ. ಕ್ಯಾಪ್ಟನ್ ಎರಡು ಪಿಸ್ತೂಲು ಹಿಡಿದು ಆಕಾಶದಿಂದ ಇಳಿಯುತ್ತಿದ್ದಾನೆ. ನಿನ್ನದರಲ್ಲಿ ಅವಳು ಎಣ್ಣೆ ಮೆತ್ತಿದ ಬಟ್ಟೆಯಲ್ಲಿ, ಹಲ್ಲಿನ ನಡುವೆ ಸ್ಪ್ಯಾನರ್ ಕಚ್ಚಿಕೊಂಡು, ಕುದಿಯುವ ಸಮುದ್ರದಿಂದ ಕ್ಯಾಪ್ಟನ್‌ನನ್ನು ಕಾಲರ್ ಹಿಡಿದು ಮೇಲೆತ್ತುತ್ತಿದ್ದಾಳೆ.

"ಕಥೇಲಿ ಇರೋದು ಇದೇ," ಎಂದೆ. ಅಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. "ಅವ್ಳೇ ಅವನ್ನ ಎಳ್ಕೊಳ್ಳೋದು. ನಲ್ವತ್ತೊಂದನೇ ಪುಟ."

"ಲೋ, ಇವ್ನು ಪುಟ ಸಮೇತ ಹೇಳ್ತಾನೆ ಕಣ್ರೋ!" ಎಂದು ಗಸ್ ಕೂಗಿದ. ಜನ ಸೇರಿದರು. ಮೂಲೆಯಲ್ಲಿ ಕೂತು ಸಹಿ ಹಾಕುತ್ತಿದ್ದ ಒಬ್ಬ ಮುದುಕನನ್ನು ಗಸ್ ಕರೆತಂದ. ಹೋರೇಸ್ ಪ್ಲಂಬ್. ಎಂಬತ್ತು ವರ್ಷ. ಆ ಕೆಂಪು ಗೌನಿನ ಚಿತ್ರ ಬಿಡಿಸಿದವನು ಅವನೇ!

ಅವನು ಕನ್ನಡಕ ಏರಿಸಿ ನಿನ್ನದನ್ನು ತುಂಬ ಹೊತ್ತು ನೋಡಿದ. "ಯಾರ್ ಬಿಡಿಸಿದ್ದು?"

"ನಮ್ಮಕ್ಕ. ಆಗ ಹದಿನಾರು ವರ್ಷ."

"ಕಥೆ ಓದಿ ಬಿಡಿಸಿದ್ಲಾ?"

"ಮುಖಪುಟ ನಾವು ನೋಡೇ ಇರ್ಲಿಲ್ಲ, ಸಾರ್."

ಅವನು ಕೆಮ್ಮು ಬರುವವರೆಗೆ ನಕ್ಕ. "ಮುನ್ನೂರು ಮುಖಪುಟ ಬಿಡಿಸಿದೀನಪ್ಪಾ, ಒಂದ್ ಕಥೆನೂ ಓದಿಲ್ಲ! ಫೋನ್ ಮಾಡೋರು: 'ಪ್ಲಂಬ್, ಒಂದು ಹುಡುಗಿ, ಒಂದು ಕಂಬ, ಹಗ್ಗ ಮಾತ್ರ ಜಾಸ್ತಿ ಇರ್ಲಿ.' ಕಥೆ ಆಮೇಲೆ ಯಾರೋ ಬರ್ಕೊಳ್ಳೋರು. ನನ್ ಹೆಂಡ್ತಿನೇ ಕಂಬಕ್ ಕಟ್ತಿದ್ದೆ. 'ಒಲೆ ಮೇಲೆ ಸಾರಿದೆ, ಬೇಗ ಬಿಚ್ಚಿ' ಅಂತಿದ್ಲು. ಇಲ್ಲಿ ಕಿರುಚ್ತಿದಾಳಲ್ಲ, ಅದು ಸಾರು ಸೀದಿದ್ದಕ್ಕೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಮಾತ್ರ ಮತ್ತೆ ನಿನ್ನ ಚಿತ್ರಕ್ಕೆ ಬಾಗಿದ. "ಈ ಕೈ ನೋಡಿ. ನಿಜವಾಗ್ಲೂ ಭಾರ ಎತ್ತೋ ಕೈ. ನಂಗೆ ಇದು ಕೊನೆವರೆಗೂ ಬರ್ಲಿಲ್ಲ," ಅಂದ. ಆಮೇಲೆ, "ಮಿಕ್ಕಿದ್ದು ಎಲ್ಲಿ?" ಎಂದು ಕೇಳಿದ. ಹೋದವು ಎಂದೆ.

ಅವನ ಸಾವಿರಾರು ಅಭಿಮಾನಿಗಳು ಹುಡುಕುವ ಆ ಕೆಂಪು ಗೌನಿನ ಮೂಲಚಿತ್ರ ಅವನ ಮನೆಯಲ್ಲೇ ಇದೆಯಂತೆ, ಕೋಳಿಗೂಡಿನ ಗಾಳಿ ತಡೆಯಲು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರಿಂದ ಉಳಿಯಿತಂತೆ. ನಿನ್ನ ಕಂದು ಕಾಗದ ಕೊಟ್ಟರೆ ಅದನ್ನು ಕೊಡುತ್ತಾನಂತೆ! ಗಸ್ ನನ್ನ ಪಕ್ಕೆಗೆ ತಿವಿದು "ಹೂಂ ಅನ್ನೋ, ಹೂಂ ಅನ್ನೋ" ಅಂದ. ನಾನು, "ನಂದಲ್ಲ ಸಾರ್, ಅಕ್ಕಂದು. ಕೇಳಿ ಹೇಳ್ತೀನಿ," ಎಂದೆ.

"ಕೇಳೋದೇನು, ಅವಳನ್ನೇ ಕರ್ಕೊಂಡ್ ಬಾ. ನಾನು ಸಾಯೋ ಮುಂಚೆ ಬಾ," ಅಂದ.

ಅವನ ಮನೆ ಇಲ್ಲಿಂದ ಒಂದು ಗಂಟೆಯ ದಾರಿ. ಆಗಸ್ಟಿನಲ್ಲಿ ನಿನ್ನ ಕಾರ್ಖಾನೆ ಹೊಸ ಕಾರಿನ ಮಾದರಿಗೆ ಸಜ್ಜಾಗಲು ನಿಂತಾಗ ನಿನಗೆ ಎರಡು ವಾರ ಬಿಡುವು ತಾನೆ? ಬರುತ್ತೀಯಾ? ಬಂದರೆ ನಮ್ಮ ಮನೆಯಲ್ಲೇ ಇರಬೇಕು, ಅಮ್ಮ ಇರುವ ಮನೆಯಲ್ಲಿ. ಇದೆಲ್ಲ ಹೇಳಿದಾಗ ಅವಳು ಬೀನ್ಸ್ ಮುರಿಯುತ್ತಿದ್ದಳು. "ಅವಳ ಕೈ ಯಾವಾಗ್ಲೂ ಚೆನ್ನಾಗಿತ್ತು," ಅಂದಳು. ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಹೋದಳು.

ದೇವರು ನಿನ್ನ ಬೆರಳುಗಳನ್ನು ಸೂಜಿಯಿಂದ ಕಾಯಲಿ, ನಿನ್ನನ್ನು ಸದಾ ನಗಿಸುತ್ತಿರಲಿ.

ನಿನ್ನ ತಮ್ಮ,
ಡೆಲ್ಮರ್

ಮರೆತದ್ದು: ಮರೆತಿರಲಿಲ್ಲ, ಅಕ್ಕಾ. ಸಹಿ ಹಾಕಿದ ಮೇಲೆ ಧೈರ್ಯ ಬಂತು. ಆ ಹದಿನೆಂಟನ್ನು ಅಮ್ಮ ಒಲೆಗೆ ಹಾಕಲಿಲ್ಲ. ಐದನೆಯ ಕ್ಲಾಸಿನಲ್ಲಿದ್ದಾಗ, ನನ್ನಕ್ಕನ ಕೈ ನೋಡಿ ಎಂದು ಮೆರೆಯಲು ನಾನೇ ಹಿಟ್ಟಿನ ಚೀಲದಲ್ಲಿ ಶಾಲೆಗೆ ಒಯ್ದೆ. ಕಿರಾಣಿ ಚೀಲದ ಪುಸ್ತಕ ಎಂದು ಹುಡುಗರು ನಕ್ಕರು. ಯಾರು ಮಾಡಿದ್ದೋ ಎಂದು ಕೇಳಿದರು. ಗೊತ್ತಿಲ್ಲ, ದಾರಿಯಲ್ಲಿ ಸಿಕ್ಕಿತು ಎಂದೆ. ಅವರು ನಂಬಲಿ ಎಂದು ಕಾಲುಸೇತುವೆಯಿಂದ ಒಂದೊಂದಾಗಿ ಹಳ್ಳಕ್ಕೆ ಎಸೆದೆ. ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಎಸೆದೆ. ದಿಂಬಿನಡಿ ಇದ್ದದ್ದೊಂದು ಉಳಿಯಿತು. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗದಿದ್ದುದು, ನಿನಗೆ ಹೇಳಿದಂತೆ, ಅಪ್ಪನ ಕಾಲು ಮುರಿದದ್ದಕ್ಕಲ್ಲ. ನೀನು ಕಾರ್ಖಾನೆಯಿಂದ ರಜೆಗೆ ಬಂದು ಚಿತ್ರಗಳೆಲ್ಲಿ ಎಂದು ಕೇಳಿದಾಗ ಅಮ್ಮ ನನ್ನ ಮುಖ ನೋಡಿ, "ಒಲೆ ಹಚ್ಚೋಕೆ ಕಾಗ್ದ ಬೇಕಿತ್ತು, ಹಾಕ್ದೆ," ಅಂದಳು. ನೀನು ಮತ್ತೆ ಚಿತ್ರ ಬಿಡಿಸಲಿಲ್ಲ, ಮನೆಗೂ ಬರಲಿಲ್ಲ. ಹನ್ನೊಂದು ವರ್ಷ. ಯಾಕೆ ಹಾಗೆ ಹೇಳಿದೆ ಎಂದು ಶನಿವಾರ ಅವಳನ್ನು ಕೇಳಿದೆ. "ತಾಯಿ ಮೇಲೆ ಸಿಟ್ಟು ಮಾಡ್ಕೊಂಡೂ ಬದುಕೋ ಗಟ್ಟಿಗಿತ್ತಿ ಅವ್ಳು. ನಿಂಗೆ ಅಕ್ಕನ್ನ ಬಿಟ್ರೆ ಯಾರಿದ್ರೋ?" ಅಂದಳು.

ಚಿತ್ರ ಕೊಡಬೇಕೋ ಬೇಡವೋ, ನನಗೆ ಆಮೇಲೆ ಬರೆ. ಮೊದಲ ಕಾಗದ ಅಮ್ಮನ ಹೆಸರಿಗಿರಲಿ. ಓದಿ ಹೇಳುವವನು ನಾನೇ. ಈ ಸಲ ಒಂದು ಸಾಲನ್ನೂ ಸೇರಿಸುವುದಿಲ್ಲ.