ಬಾಮೈದನ ಭಯ ಬಿಡಿಸಿದ್ದು

ಮಾರ್ಚ್ 4, ಬೆಳಿಗ್ಗೆ

ಗಡ್ಡ ಕೆರೆದು, ಬಂದೂಕು ಒರೆಸಿದ್ದಾಯಿತು. ಚಹಾ ಇನ್ನೂ ಬಂದಿಲ್ಲ. ಬಾಮೈದ ಇವತ್ತೂ ಕಂದಕದ ಮೂಲೆಯಲ್ಲಿ ಮುದುಡಿ ಕೂತಿದ್ದಾನೆ. ಶೆಲ್ ಎಲ್ಲೋ ದೂರ ಬಿದ್ದರೂ ನೆಲ ಕಚ್ಚುತ್ತಾನೆ. 'ಆಮೆ' ಅಂತ ಹೆಸರಿಟ್ಟಿದ್ದಾರೆ. ಹೆಂಡತಿಗೆ ಇರುವವನೊಬ್ಬ ತಮ್ಮ... ನನ್ನ ತುಕಡಿಗೇ ಬಂದು ಬೀಳಬೇಕೆ?

ಮಾರ್ಚ್ 5

ಮೇಜರ್ ಕರೆದರು. "ನಿನ್ನ ಬಾಮೈದ ಇಲ್ಲಿಗೆ ಆಗಲ್ಲ. ಹಿಂದಕ್ಕೆ, ಸ್ಟೋರಿಗೆ ಹಾಕಲಾ?"

ಎದೆಯ ಭಾರ ಇಳಿಯಿತು. ಕಂಬಳಿ ಮಡಚಿಕೊಂಡು ಬದುಕಿಕೊಳ್ಳಲಿ.

ಸಂಜೆ ಮನೆಗೆ ಫೋನ್. ಮಾವ ಎತ್ತಿದರು. "ಸ್ಟೋರಾ? ನಾನು ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ? ನೀವಿದ್ದೂ ಅವನನ್ನ ಗಂಡಸು ಮಾಡೋಕಾಗ್ಲಿಲ್ವಾ, ಅಳಿಯಂದ್ರೇ?"

ನನಗೂ ರೋಷ ಬಂತು. ಮೇಜರ್ ಹತ್ತಿರ ಹೋಗಿ ಒಂದು ವಾರ ಕೊಡಿ ಸರ್ ಅಂದೆ.

ಮಾರ್ಚ್ 11

ದಾಳಿಗೆ ಮುಂಚೆ ನಮ್ಮ ಹಳಬರು ತಮ್ಮ ಸಾಮಾನು ಹಂಚಿಬಿಡುತ್ತಾರೆ. ಬೂಟು ಇವನಿಗೆ, ಟಾರ್ಚು ಅವನಿಗೆ. ಸತ್ತಾಯಿತು ಅಂದುಕೊಂಡ ಮೇಲೆ ಹೆದರುವುದಕ್ಕೇನಿದೆ? ಬಾಮೈದನಿಗೂ ದಿನವೂ ಇದೇ ಪಾಠ. ಮೊದಲು ಅತ್ತ. ಇವತ್ತು ನಕ್ಕ.

"ಭಾವಾ, ರೇಡಿಯೋ ನಿಮ್ಗೆ. ಅಕ್ಕನ ಕೈಗೆ ಮಾತ್ರ ಕೊಡ್ಬೇಡಿ, ತಿರುಚಿ ತಿರುಚಿ ಕೆಡಿಸ್ತಾಳೆ."

ನನಗೆ ಹೆಮ್ಮೆಯಾಯಿತು. ಸುಳ್ಳೇಕೆ.

ಮಾರ್ಚ್ 16

ಮೊನ್ನೆ ದಾಳಿ. ಶೆಲ್ ಕೂಗಿಕೊಂಡು ಬಂತು. ನಾವೆಲ್ಲ ನೆಲ ಕಚ್ಚಿದೆವು — ಸಾಮಾನು ಹಂಚಿದ್ದ ಹಳಬರೂ. ಅವನೊಬ್ಬ ನಿಂತೇ ಇದ್ದ. ಮಲಗೋ ಎಂದು ಕಿರುಚಿದೆ. ತಿರುಗಿ ನೋಡಿ ನಕ್ಕ.

ಅಷ್ಟೇ.

ಆಮೆಯಾಗಿದ್ದರೆ ಬದುಕುತ್ತಿದ್ದ.

ಮಾರ್ಚ್ 18

ಫೋನಿನಲ್ಲಿ ಹೆಂಡತಿ ಕೇಳಿದ್ದು ಒಂದೇ. "ಕೊನೇಲಿ ಹೆದರ್ಕೊಂಡ್ನೇನ್ರೀ?"

"ಇಲ್ಲ."

"ಕತ್ತಲೆ ಕಂಡ್ರೂ ನನ್ನ ಸೆರಗು ಹಿಡ್ಕೋತಿದ್ದ ಕಣ್ರೀ..."

ಹಿಂದಿನಿಂದ ಮಾವನ ದನಿ. "ನನ್ನ ಮಗ ಕಣೇ ಅವನು. ಹೆದರ್ತಾನಾ?"

ಫೋನಿನೊಳಗೆ ಕೈ ಹಾಕಿ ಕುತ್ತಿಗೆ ಹಿಸುಕಬೇಕೆನಿಸಿತು. ಯಾರದ್ದು ಎಂದು ಗೊತ್ತಾಗಲಿಲ್ಲ.

ಮಾರ್ಚ್ 27

ಹೊಸಬರು ಬಂದಿದ್ದಾರೆ. ಒಬ್ಬನಿಗೆ ಲಾರಿಯಿಂದ ಇಳಿಯುವಾಗಲೇ ಹಲ್ಲು ಕಟಕಟ. ಮೇಜರ್ ನನ್ನ ಬೆನ್ನು ತಟ್ಟಿದರು. "ಇವನನ್ನೂ ನಿನ್ನ ಬಾಮೈದನ ಥರ ತಯಾರು ಮಾಡು."

"ಸ್ಟೋರಿಗೆ ಹಾಕಿ ಸರ್ ಇವನನ್ನ."

ನಕ್ಕರು. "ಯಾಕೆ, ಇವನೂ ನಿನ್ನ ನೆಂಟನೇನು?"

ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಇಲ್ಲ ಸರ್ ಅಂದೆ. ಬಾಯಿಗೆ ಬಂದದ್ದು ಅದೇ. ಹೌದು ಅಂದುಬಿಟ್ಟಿದ್ದರೆ ಸ್ಟೋರಿಗೆ —